ಹಳೇ ವಿಜ್ಞಾನ ಪುಸ್ತಕ ಕೂಡಿಸುವುದು: ನನ್ನ ಅನುಭವ

ವಿಜ್ಞಾನದ ಹಳೇ ಪುಸ್ತಕ ಕೂಡಿಸುತ್ತೇನೆ ಅಂದರೆ ಜನ ಮೊದಲು ಕೇಳುವುದು ನ್ಯೂಟನ್ ಪುಸ್ತಕ ಇದೆಯಾ, ಡಾರ್ವಿನ್ ಇದೆಯಾ ಅಂತ. ಇಲ್ಲ. ನ್ಯೂಟನ್ ಬರೆದ 1687ರ ಪ್ರಿನ್ಸಿಪಿಯಾದ ಒಂದು ಪ್ರತಿ 2016ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 37 ಲಕ್ಷ ಡಾಲರಿಗೆ ಹೋಯಿತು. ಸಂಬಳದಲ್ಲಿ ಬದುಕುವವರು ಕನಸಲ್ಲೂ ಮುಟ್ಟುವ ವಸ್ತುವಲ್ಲ ಅದು.

ನಾನು ಹುಡುಕುವುದು ಕನ್ನಡ ನಾಡಿನಲ್ಲಿ ವಿಜ್ಞಾನ ಹೇಗೆ ಅಚ್ಚಾಯಿತು, ಯಾರ ಕೈಗೆ ಹೋಯಿತು ಅಂತ ತೋರಿಸುವ ಪುಸ್ತಕಗಳನ್ನು. ಹಳೇ ಲೆಕ್ಕದ ಪುಸ್ತಕ, ಭೂಗೋಳ, ಆರೋಗ್ಯದ ಪಾಠ, ನಕ್ಷತ್ರಗಳ ಮೇಲೆ ಬರೆದ ಚಿಕ್ಕ ಪುಸ್ತಿಕೆ, ಪತ್ರಿಕೆಯ ಬಿಡಿ ಸಂಚಿಕೆ. ಪ್ರಿನ್ಸಿಪಿಯಾದ ಮೊದಲ ಮುದ್ರಣದ 380ಕ್ಕೂ ಜಾಸ್ತಿ ಪ್ರತಿಗಳು ಎಲ್ಲೆಲ್ಲಿವೆ ಅಂತ ಸಂಶೋಧಕರು ಪಟ್ಟಿ ಮಾಡಿದ್ದಾರೆ. ನೂರು ವರ್ಷದ ಹಿಂದಿನ ಕನ್ನಡ ಶಾಲೆಯ ವಿಜ್ಞಾನದ ಪುಸ್ತಕಕ್ಕೆ ಅಂಥ ಪಟ್ಟಿ ಮಾಡುವವರು ಯಾರು? ಅಣ್ಣ ಓದಿದ ಮೇಲೆ ತಮ್ಮ ಓದಿದ, ಆಮೇಲೆ ಪಕ್ಕದ ಮನೆ ಹುಡುಗ, ಆಮೇಲೆ ರದ್ದಿ. ಜನ ನಿಜವಾಗಿ ಓದಿದ ಪುಸ್ತಕವೇ ಮೊದಲು ಕಾಣೆಯಾಗುತ್ತದೆ. ಅದಕ್ಕೇ ನನ್ನ ದುಡ್ಡು, ನನ್ನ ಭಾನುವಾರ ಎರಡೂ ಇದಕ್ಕೆ.

ಈ ದಾರಿಗೆ ನನ್ನನ್ನು ತಂದದ್ದು 'ವಿಜ್ಞಾನ' ಅನ್ನುವ ಮಾಸಪತ್ರಿಕೆ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 1918 ಮತ್ತು 1919ರಲ್ಲಿ ಇದನ್ನು ನಡೆಸಿದರು. ಎರಡೇ ವರ್ಷ, ಅಷ್ಟಕ್ಕೆ ನಿಂತಿತು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು, ಜೊತೆಗೆ ಪಂಪಭಾರತ ಸಂಪಾದಿಸಿದವರು. ಅವರಿಗೆ ಹಳಗನ್ನಡವೂ ವಿಜ್ಞಾನವೂ ಬೇರೆ ಬೇರೆ ಕೋಣೆಯಲ್ಲಿ ಇರಲಿಲ್ಲ. ಆ ಪತ್ರಿಕೆಯ ಬೈಂಡ್ ಮಾಡಿದ ಸಂಪುಟ ಮೊದಲ ಸಲ ಕೈಗೆ ಬಂದಾಗ ನನಗೆ ಹೊಳೆದದ್ದು, ಇಂಥದ್ದೊಂದು ಪರಂಪರೆ ಇದೆ, ಅದರ ಕಾಗದ ನಮ್ಮ ಕಣ್ಣೆದುರೇ ಪುಡಿಯಾಗುತ್ತಿದೆ ಅಂತ.

ಎಲ್ಲಿ ಸಿಗುತ್ತವೆ? ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಪುಸ್ತಕದಂಗಡಿ, ಚರ್ಚ್ ಸ್ಟ್ರೀಟಿನ ಅಂಗಡಿಗಳು ಎಲ್ಲರಿಗೂ ಗೊತ್ತು. ಆದರೆ ನನಗೆ ಜಾಸ್ತಿ ಸಿಕ್ಕಿರುವುದು ಹಳೇ ಪೇಪರ್ ಅಂಗಡಿಗಳಲ್ಲಿ, ಮತ್ತೆ ಹಳೇ ಮನೆ ಕೆಡವುವಾಗ. ನಿವೃತ್ತ ಮೇಷ್ಟರು ತೀರಿಕೊಂಡು ಮಕ್ಕಳು ಮನೆ ಖಾಲಿ ಮಾಡುತ್ತಾರೆ ನೋಡಿ, ಆಗ ಅಟ್ಟದ ಮೇಲಿನ ಟ್ರಂಕು ಇಳಿಯುತ್ತದೆ. ರದ್ದಿ ಅಂಗಡಿಯವರ ಹತ್ತಿರ ಸ್ನೇಹ ಬೆಳೆಸಿ, ಫೋನ್ ನಂಬರ್ ಕೊಡಿ. ಕೆಜಿ ಲೆಕ್ಕದಲ್ಲಿ ಕೊಟ್ಟರೂ ಸ್ವಲ್ಪ ಮೇಲೆ ಹಾಕಿಯೇ ಕೊಡಿ. "ಸಾರ್, ಕಾದಂಬರಿ ಆದ್ರೆ ಯಾರಾದ್ರೂ ತಗೋತಾರೆ, ಈ ಸೈನ್ಸ್ ಬುಕ್ ನಿಮ್ಗೇ ಸರಿ" ಅಂತ ಹೇಳಿ ಒಬ್ಬರು ನನಗಾಗಿ ಬೇರೆ ಚೀಲವನ್ನೇ ಇಟ್ಟಿದ್ದಾರೆ. ಆ ಚೀಲದಿಂದ ಬಂದಷ್ಟು ಒಳ್ಳೇ ಪುಸ್ತಕ ಯಾವ ಆನ್‌ಲೈನ್ ಮಾರಾಟದಲ್ಲೂ ನನಗೆ ಸಿಕ್ಕಿಲ್ಲ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ಪುಟ ಪೂರ್ತಿ ಇದೆಯಾ ನೋಡಬೇಕು. ಪುಟಸಂಖ್ಯೆ ಕಣ್ಣಾಡಿಸಿದರೆ ಸಾಲದು, ಫಾರಂ ಎಣಿಸಬೇಕು. ಅಚ್ಚಿನವರು ದೊಡ್ಡ ಹಾಳೆಯಲ್ಲಿ ಎಂಟೋ ಹದಿನಾರೋ ಪುಟ ಒಟ್ಟಿಗೆ ಅಚ್ಚು ಹಾಕಿ ಮಡಿಸುತ್ತಿದ್ದರು, ಆ ಒಂದು ಮಡಿಕೆಯೇ ಫಾರಂ. ಎಷ್ಟೋ ಪುಸ್ತಕಗಳಲ್ಲಿ ಪ್ರತಿ ಫಾರಮ್ಮಿನ ಮೊದಲ ಪುಟದ ಕೆಳಗೆ ಚಿಕ್ಕದೊಂದು ಸಂಖ್ಯೆ ಇರುತ್ತದೆ. ಅದು ಕ್ರಮವಾಗಿ ಬಂದರೆ ಒಳಗಿನದು ಸರಿ ಇದೆ. ಚಿತ್ರಗಳದ್ದೇ ಬೇರೆ ತಲೆನೋವು. ನುಣುಪು ಕಾಗದದ ಚಿತ್ರಪುಟಗಳನ್ನು ಆಮೇಲೆ ಸೇರಿಸಿ ಅಂಟಿಸಿರುತ್ತಾರೆ, ಅವಕ್ಕೆ ಪುಟಸಂಖ್ಯೆಯೇ ಇರಲ್ಲ, ಕಿತ್ತುಹೋದರೂ ಗೊತ್ತಾಗಲ್ಲ. ಪುಸ್ತಕದ ಮೊದಲಲ್ಲಿರುವ ಚಿತ್ರಪಟ್ಟಿ ತೆಗೆದು ಒಂದೊಂದೇ ತಾಳೆ ನೋಡಿ. ದೂರದ ಊರಿನ ಒಬ್ಬ ವ್ಯಾಪಾರಿ ನನಗೆ "ಕಂಪ್ಲೀಟ್" ಅಂತ ಕಳಿಸಿದ ಖಗೋಳದ ಪುಸ್ತಕದಲ್ಲಿ ನಕ್ಷತ್ರಪಟಗಳೇ ಇರಲಿಲ್ಲ, ಬ್ಲೇಡಿನಲ್ಲಿ ನೀಟಾಗಿ ಕೊಯ್ದ ಅಂಚು ಮಾತ್ರ ಹೊಲಿಗೆಯ ಹತ್ತಿರ ಉಳಿದಿತ್ತು. ಹಾಗಾಗಿ ಬೆರಳಿನಿಂದ ಹೊಲಿಗೆಯ ಸಂದು ಸವರಿ ನೋಡುವುದನ್ನು ಎಲ್ಲರಿಗೂ ಹೇಳುತ್ತೇನೆ.

ಶೀರ್ಷಿಕೆ ಪುಟ ಹರಿದಿದ್ದರೆ ಪುಸ್ತಕದ ಕಾಲ ಹೇಗೆ ಹೇಳುವುದು? ಇದು ನನಗೆ ಈ ಕೆಲಸದಲ್ಲೇ ತುಂಬಾ ಇಷ್ಟವಾದ ಭಾಗ. ಬೆಲೆ ರೂಪಾಯಿ, ಆಣೆ, ಪೈಗಳಲ್ಲಿ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚಿನದು, ಅಲ್ಲಿಂದಾಚೆ ನಯಾ ಪೈಸೆ. ರಬ್ಬರ್ ಸ್ಟಾಂಪಿನ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಸ್ಟಾಂಪ್ ಬಿದ್ದದ್ದು 1972ರ ನಂತರ. ಶಾಲಿವಾಹನ ಶಕ ಇದ್ದರೆ 78 ಕೂಡಿಸಿ. ಮುನ್ನುಡಿಯ ಕೊನೆಗೆ ಬರೀ ಸಂವತ್ಸರದ ಹೆಸರು ಇದ್ದರೆ ಸ್ವಲ್ಪ ಕಷ್ಟ, ಯಾಕಂದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ ಅಂತ ಇದ್ದರೆ 1858, 1918, 1978 ಮೂರೂ ಆಗಬಹುದು. ಆದರೆ ಅದೇ ಪುಸ್ತಕದಲ್ಲಿ ಬೆಲೆ ಆರಾಣೆ ಅಂತಿದ್ದರೆ 1978 ಹೋಯಿತು, ವಿಮಾನದ ಚಿತ್ರ ಇದ್ದರೆ 1858ಕ್ಕೂ ಜಾಗ ಇಲ್ಲ. ಅಚ್ಚುಕೂಟದ ಹೆಸರನ್ನೂ ಬಿಡಬೇಡಿ. 1867ರ ಕಾಯ್ದೆಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಅಚ್ಚಾದ ಪುಸ್ತಕದ ಮೇಲೆ ಮುದ್ರಕರ ಹೆಸರು, ಊರು ಇರಲೇಬೇಕಿತ್ತು. ಆಗ ಬ್ರಿಟಿಷ್ ಇಂಡಿಯಾದಲ್ಲಿದ್ದ ಧಾರವಾಡ, ಮಂಗಳೂರು, ಬಳ್ಳಾರಿ ಕಡೆಯ ಪುಸ್ತಕಗಳಿಗೆ ಇದು ಬಹಳ ಸಹಾಯ ಮಾಡುತ್ತದೆ. ಮುಂದೆ ಇಲ್ಲದಿದ್ದರೆ ಕೊನೆಯ ಪುಟದ ಕೆಳಗೆ ಹುಡುಕಿ.

ಮರುಮುದ್ರಣವನ್ನು ಮೂಲ ಅಂತ ಮಾರುವವರೂ ಇದ್ದಾರೆ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನೇ ತಗೊಳ್ಳಿ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಗಣಿತದ ಪುಸ್ತಕ, ಸಂಸ್ಕೃತದ್ದು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ತಂದರು. ಇದರ ಸ್ಕ್ಯಾನ್ ಪ್ರತಿಗಳನ್ನು ಹೊಸದಾಗಿ ಅಚ್ಚು ಹಾಕಿ, ಅದೇ ಶೀರ್ಷಿಕೆ ಪುಟ ಇಟ್ಟು ಮಾರುತ್ತಾರೆ, ಓದುವುದಕ್ಕೆ ಅದೇ ಸಾಕು. ಮೂಲ ಬೇಕು ಅನ್ನುವವರು ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸೀಸದ ಅಚ್ಚುಮೊಳೆ ಕಾಗದಕ್ಕೆ ಒತ್ತಿದ್ದರೆ ಹಿಂಬದಿಯಲ್ಲಿ ಅಕ್ಷರ ಸಣ್ಣಗೆ ಉಬ್ಬಿರುತ್ತದೆ, ಬೆರಳಿಗೂ ಸಿಗುತ್ತದೆ. ಮೊಳೆ ಒತ್ತದ ಆಫ್‌ಸೆಟ್ ಅಚ್ಚು ಆದರೆ ಎರಡೂ ಕಡೆ ನುಣ್ಣಗಿರುತ್ತದೆ. ಸ್ಕ್ಯಾನ್ ಆದರೆ ಹಳೇ ಲೈಬ್ರರಿಯ ಮುದ್ರೆ ಕೂಡ ಅಕ್ಷರದ ಜೊತೆಗೇ ಕಪ್ಪಾಗಿ ಅಚ್ಚಾಗಿರುತ್ತದೆ.

ಇನ್ನು ಬೈಂಡಿಂಗ್. ಬೈಂಡರ್ ಹತ್ತಿರ ಕೊಡುವಾಗ "ಅಂಚು ಕತ್ತರಿಸಬೇಡಿ" ಅಂತ ಒಂದಲ್ಲ, ಎರಡು ಸಲ ಹೇಳಿ. ಕತ್ತರಿಸಿದರೆ ಪಕ್ಕದಲ್ಲಿ ಯಾರೋ ಹುಡುಗ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಅರ್ಧ ಹೋಗುತ್ತದೆ. ನನ್ನ ಮಟ್ಟಿಗೆ ಆ ಪೆನ್ಸಿಲ್ ಲೆಕ್ಕವೇ ಪುಸ್ತಕದ ಅರ್ಧ ಬೆಲೆ. ಹರಿದ ಪುಟಕ್ಕೆ ಸೆಲೋ ಟೇಪ್ ಬೇಡವೇ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನು ತಿಂದುಹಾಕುತ್ತದೆ. ತೆಳು ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟು ಸಾಕು. ಹುಳ ಬಿದ್ದ ಪುಸ್ತಕ ಮನೆಗೆ ಬಂದರೆ ಉಳಿದವುಗಳ ಜೊತೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗೆ ಬಿಡಿ, ಇಲ್ಲದಿದ್ದರೆ ತೇವ ಹಿಡಿಯುತ್ತದೆ. ಓಲೆಗರಿಗೆ ನಮ್ಮ ಹಿರಿಯರು ಬೇವು, ಬಜೆ ಇಡುತ್ತಿದ್ದರು, ನಾನೂ ಬೀರುವಿನಲ್ಲಿ ಬಜೆಯ ಗಂಟು ಇಡುತ್ತೇನೆ. ಆದರೆ ಮಳೆಗಾಲದಲ್ಲಿ ಕೆಲಸ ಮಾಡುವುದು ಗಾಳಿಯೇ. ಬೀರು ಗೋಡೆಗೆ ತಾಗದಂತಿರಲಿ, ವಾರಕ್ಕೊಮ್ಮೆ ಬಾಗಿಲು ತೆರೆದಿಡಿ.

ಬಂದ ಪುಸ್ತಕವನ್ನೆಲ್ಲ ನಾನು ಮೊದಲು ಫೋಟೋ ತೆಗೆದು ಇಡುತ್ತೇನೆ. ಕಾಪಿರೈಟ್ ಮುಗಿದದ್ದನ್ನು, ಅಂದರೆ ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದನ್ನು, ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಜಾಲತಾಣಕ್ಕೆ ಹಾಕಬಹುದು. ಅಪರೂಪದ್ದನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿ ಬೀಗ ಹಾಕಿಡುವುದು ನನಗೆ ಒಪ್ಪಿಗೆಯಿಲ್ಲ.

ಈಗ ಹುಡುಕುತ್ತಿರುವುದು 'ವಿಜ್ಞಾನ' ಪತ್ರಿಕೆಯ ಬಿಡಿ ಸಂಚಿಕೆಗಳನ್ನು, ಹೊರಗಿನ ರಕ್ಷಾಪುಟ ಸಮೇತ. ಬೈಂಡ್ ಮಾಡುವವರು ಆ ಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಎಸೆಯುವುದೇ ಜಾಸ್ತಿ, ಹಾಗಾಗಿ ನಾನು ನೋಡಿದ ಸಂಪುಟಗಳಲ್ಲಿ ಅವು ಇಲ್ಲ. ಚಂದಾ ಎಷ್ಟಿತ್ತು, ಯಾವ ಅಂಗಡಿಯವರು ಜಾಹೀರಾತು ಕೊಡುತ್ತಿದ್ದರು ಅನ್ನುವಂಥದ್ದು ತಿಳಿಯುವುದು ಅಲ್ಲಿಂದಲೇ, ಅಲ್ವಾ. ನಿಮ್ಮ ತಾತನ ಟ್ರಂಕಿನಲ್ಲಿ 1918–19ರದ್ದು ಏನಾದರೂ ಇದ್ದರೆ ರದ್ದಿಗೆ ಹಾಕುವ ಮುಂಚೆ ದಯವಿಟ್ಟು ಒಂದು ಸಲ ನೋಡಿ. ನನಗೆ ಮಾರುವುದೂ ಬೇಡ, ರಕ್ಷಾಪುಟದ ಎರಡೂ ಬದಿ ಫೋಟೋ ತೆಗೆದರೆ ಸಾಕು.