ಶಾಲಾ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆ

ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ನನಗೆ ಶಾಲಾ ಸಂಸತ್ತಿನ ಚುನಾವಣೆ ನಡೆಸುವುದು ಎಂದೂ ಕಷ್ಟವೆನಿಸಿಲ್ಲ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ ಎಲ್ಲವೂ ಮಕ್ಕಳಿಗೆ ಹಬ್ಬವೇ. ಆದರೆ ಪ್ರಮಾಣವಚನದೊಂದಿಗೆ ಎಲ್ಲವೂ ಮುಗಿದುಹೋದರೆ, ಗೆದ್ದವರನ್ನು ಪ್ರಶ್ನಿಸುವುದೂ ಪ್ರಜಾಪ್ರಭುತ್ವದ ಭಾಗವೆಂಬುದು ಅವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ನಾನು ಹೆಚ್ಚು ಒತ್ತು ಕೊಟ್ಟದ್ದು ಪ್ರಶ್ನೋತ್ತರ ವೇಳೆಗೆ.

ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಗಳನ್ನೂ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಇದನ್ನೇ ನಮ್ಮಲ್ಲೂ ಅಳವಡಿಸಿ, ಮಕ್ಕಳು ಬುಧವಾರದೊಳಗೆ ಪ್ರಶ್ನೆ ಬರೆದುಕೊಡಬೇಕು, ಶನಿವಾರ ಮಂತ್ರಿಗಳು ಉತ್ತರಿಸಬೇಕು ಎಂದು ಗೊತ್ತುಮಾಡಿದೆ.

ಒಂದು ಶನಿವಾರ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಮಾನ್ಯ ಸಭಾಧ್ಯಕ್ಷರೇ, ಬಿಸಿಯೂಟಕ್ಕೆ ಯಾವಾಗಲೂ ಏಳನೇ ಕ್ಲಾಸಿನವರೇ ಯಾಕೆ ಮೊದಲು ಕೂರಬೇಕು? ನಮ್ಮ ಸರದಿ ಬರೋ ಹೊತ್ತಿಗೆ ಸಾಂಬಾರಲ್ಲಿ ತರಕಾರಿನೇ ಇರಲ್ಲ" ಎಂದಳು. ಆಹಾರ ಮಂತ್ರಿಯೂ ಏಳನೇ ತರಗತಿಯವನೇ. "ಮೊದಲಿಂದಲೂ ಹಂಗೇ ಐತಿ" ಎಂದ. "ಮೊದಲಿಂದ ಇದ್ದರೆ ಸರೀನಾ?" ಎಂಬ ಉಪಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಇಂಥ ಕಡೆ ಶಿಕ್ಷಕರು ಬಾಯಿ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ದಿನಕ್ಕೊಂದು ತರಗತಿಯವರು ಮೊದಲು ಕೂರಬೇಕೆಂಬ ನಿರ್ಣಯವನ್ನು ಮತಕ್ಕೆ ಹಾಕಿದಾಗ ಎರಡೂ ಕಡೆ ಸಮಾನ ಕೈಗಳೆದ್ದವು. ಸಭಾಧ್ಯಕ್ಷರು ಮೊದಲು ಮತ ಹಾಕುವಂತಿಲ್ಲ, ಸಮ ಬಂದಾಗ ಮಾತ್ರ ನಿರ್ಣಾಯಕ ಮತ ನೀಡುತ್ತಾರೆ ಎಂಬ ಸಂವಿಧಾನದ 100ನೇ ವಿಧಿಯನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ. ಏಳನೇ ತರಗತಿಯ ಸಭಾಧ್ಯಕ್ಷೆ ತನ್ನ ಗೆಳತಿಯರ ಕಡೆ ಒಮ್ಮೆ ನೋಡಿ, ನಿರ್ಣಯದ ಪರವಾಗಿ ಕೈ ಎತ್ತಿದಳು.

ಮುಖ್ಯ ಶಿಕ್ಷಕರು ಅದನ್ನು ಸೋಮವಾರದಿಂದಲೇ ಜಾರಿಗೆ ತಂದರು. ಮಕ್ಕಳ ತೀರ್ಮಾನ ಜಾರಿಯಾಗದಿದ್ದರೆ ಇಡೀ ಸಂಸತ್ತು ನಾಟಕವಾಗುತ್ತದೆ. ಹಾಗಾಗಿ ಶಾಲೆಯ ಕೈಲಾಗದ ವಿಷಯವನ್ನು ಮತಕ್ಕೆ ಹಾಕದೆ, ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಒಯ್ಯುತ್ತೇವೆ.

ಆಮೇಲೆ ಪಾಠ ಸಲೀಸಾಯಿತು. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದ್ದು 28, ಅದರಲ್ಲಿ ಚಿತ್ರದುರ್ಗದ್ದು ಒಂದು ಎಂದಾಗ, "ನಮ್ಮ ಎಂಪಿ ಪ್ರಧಾನ ಮಂತ್ರಿಗೂ ಪ್ರಶ್ನೆ ಕೇಳಬಹುದಾ ಸಾರ್?" ಎಂದು ಆಹಾರ ಮಂತ್ರಿಯೇ ಕೇಳಿದ. ಇಡೀ ಮಂತ್ರಿಮಂಡಲವೇ ಲೋಕಸಭೆಗೆ ಹೊಣೆ ಎಂಬುದನ್ನು ಅಲ್ಲಿಂದಲೇ ಆರಂಭಿಸಿದೆ.