ಕಲ್ಲಂಗಡಿ ತಿನ್ನೋ ಟೈಮಿಗೆ ಬೀಜ ಹಾಕಬ್ಯಾಡ್ರಿ

ಏಪ್ರಿಲ್ ಬಂತಂದ್ರ ಪುಣೆಯೊಳಗ ನಮ್ಮ ಕನ್ನಡ ಮಂದಿ ಮನಿಗಳಾಗ ಇದು ಖಾಯಂ. ಮಾರ್ಕೆಟ್ ಯಾರ್ಡಿನಿಂದ ಟೆಂಪೋ ತುಂಬ ಕಲ್ಲಂಗಡಿ ಬರ್ತಾವ, ಒಂದು ತರ್ತಾರ, ತಿಂತಾರ, ಬೀಜ ತೊಳದು ಪೇಪರ್ ಮ್ಯಾಲೆ ಒಣಗಿಸಿ ಟೆರೇಸಿನ ಪಾಟಿಗೆ ಊರ್ತಾರ. ನಮ್ಮ ಬಿಲ್ಡಿಂಗಿನ ವೈನಿ ಮೂರು ವರ್ಷ ಹಿಂಗೇ ಮಾಡಿದ್ರು. ಬೀಜ ನಾಲ್ಕೈದು ದಿನದಾಗ ಪಟ್ ಅಂತ ಹುಟ್ತಾವ, ಅಲ್ಲೇ ಮೋಸ ಆಗೋದು. ಬಳ್ಳಿ ಹಬ್ಬೋದ್ರಾಗ ಮೇ ಅರ್ಧ ಹೋಗಿರ್ತದ, ಆ ಬಿಸಲಿಗೆ ಬರೇ ಗಂಡು ಹೂ, ಹೆಣ್ಣು ಹೂ ಕಮ್ಮಿ. ಒಂದೆರಡು ಕಾಯಿ ನಿಂತ್ರೂ ಜೂನ್ ಎರಡನೇ ವಾರ ಮಳಿ ಬಂದು ಕೊಳಸ್ತದ, ಇಲ್ಲಾ ಒಡಸ್ತದ, ಎರಡೂ ಆಗಲಿಲ್ಲಂದ್ರ ನೀರು ಕುಡದಂಗ ಸಪ್ಪಗ ಆಗ್ತದ. ವೈನಿ ಅಂತೂ ಮಣ್ಣು ಸರಿ ಇಲ್ಲ ಅಂತ ಮೂರು ಸಲ ಮಣ್ಣು ಬದಲಿ ಮಾಡಿಸಿದ್ರು!

ಮಣ್ಣಿಂದಲ್ಲ ತಪ್ಪು, ತಿಥಿದು. ಲೆಕ್ಕ ಹಿಂದಿನಿಂದ ಹಾಕ್ರಿ. ಶುಗರ್ ಬೇಬಿಯಂಥ ಸಣ್ಣ ಜಾತಿಗೆ ಬೀಜ ಹಾಕಿದ ದಿನದಿಂದ ಹಣ್ಣಿಗೆ 80-90 ದಿನ ಬೇಕು. ಮಳಿಗಿಂತ ಮೊದ್ಲು, ಅಂದ್ರ ಮೇ ಎರಡನೇ ವಾರದೊಳಗ ಕೊಯ್ಲು ಮುಗಿಬೇಕು. ಹಂಗಾದ್ರ ಬಿತ್ತೋದು ಫೆಬ್ರವರಿ ಮೊದಲ ಹದಿನೈದು ದಿನ. ಇನ್ನೂ ಮೊದ್ಲ ಜನವರಿಯಾಗೇ ಹಾಕಬಾರದಾ ಅಂತ ಕೇಳ್ತೀರಿ. ಪುಣೆಯಾಗ ಜನವರಿ ರಾತ್ರಿ 11-12 ಡಿಗ್ರಿ, ಊರ ಅಂಚಿನ ಪಾಷಾಣ ಬಡಾವಣಿ ಕಡೆ ಇನ್ನೂ ಥಂಡಿ. ಕಲ್ಲಂಗಡಿ ಬೀಜಕ್ಕ ಮಣ್ಣು 20 ಡಿಗ್ರಿ ಆದ್ರೂ ಬೇಕು, 25 ದಾಟಿದ್ರ ಖುಷಿ. ಥಂಡಿ ಒದ್ದಿ ಮಣ್ಣಿನಾಗ ಅದು ಹುಟ್ಟೂದಿಲ್ಲ, ಕೊಳಿತದ. ಅದಕ್ಕ ನನ್ನ ನಿಯಮ ಒಂದೇ: ರಥಸಪ್ತಮಿ ಆದ ಮ್ಯಾಲೆ ಬೀಜ ನೆನೆಹಾಕೋದು, ಶಿವರಾತ್ರಿಗೆ ಎಲಿ ಕಾಣಬೇಕು. ಶಿವರಾತ್ರಿಗೆ ಥಂಡಿ ಶಿವ ಶಿವ ಅಂತ ಹೋಗ್ತದ ಅಂತಾರಲ್ಲ, ಅಷ್ಟೊತ್ತಿಗೆ ಸಸಿ ಓಡಾಕ ರೆಡಿ ಇರ್ತದ. ರಥಸಪ್ತಮಿ ಭಾಳ ಮುಂಚೆ, ಜನವರಿಯಾಗೇ ಬಂದ ವರ್ಷ ಮಾತ್ರ ಫೆಬ್ರವರಿ ಹುಟ್ಟೋ ತನಕ ತಡೀರಿ.

ಈ ಲೆಕ್ಕ ಪುಣೆಗೆ ಅಷ್ಟೇ ಹಾ. ಮುಂಬೈದಾಗ ಇಷ್ಟು ಥಂಡಿ ಇಲ್ಲ, ಅಲ್ಲಿ ಜನವರಿ ನಡೀತದ. ಗೋವಾದಾಗಂತೂ ಡಿಸೆಂಬರ್ ರಾತ್ರೀನೂ 20ರ ಆಸುಪಾಸು, ಭತ್ತ ಕೊಯ್ದ ಗದ್ದಿಯಾಗೇ ಕಲ್ಲಂಗಡಿ ಹಾಕ್ತಾರ, ಮಾಪುಸಾ ಹತ್ರದ ಪರ್ರಾ ಊರು ಅದಕ್ಕೇ ಹೆಸರಾದದ್ದು. ಅಲ್ಲಿರೋ ನಿಮ್ಮ ಮಾವಶಿ ಫೋನ್ ಮಾಡಿ "ನಾವು ಹಾಕಿ ತಿಂಗಳಾತು, ನೀವಿನ್ನೂ ಹಾಕಿಲ್ಲೇನು" ಅಂದ್ರ ಗಾಬರಿ ಆಗಬ್ಯಾಡ್ರಿ.

ಬೀಜ. ತಿಂದ ಹಣ್ಣಿನ ಬೀಜ ಬ್ಯಾಡ. ಪ್ಯಾಟಿ ಹಣ್ಣು ಬಹಳಷ್ಟು ಹೈಬ್ರಿಡ್, ಅದರ ಮಕ್ಕಳು ಅದರಂಗ ಬರೂದಿಲ್ಲ. ಶುಗರ್ ಬೇಬಿ ತಗೋರಿ, ನೆಲ ಇದ್ದವರು ಬೆಂಗಳೂರಿನ ಹೆಸರಘಟ್ಟ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಮಾಣಿಕ್ ಜಾತಿ ತಗೋರಿ, ಟೆರೇಸಿಗೆ ಅದರ ಹಣ್ಣು ಭಾಳ ಭಾರ. ಪಾಕೀಟಿನ ಮ್ಯಾಲೆ ಲಾಟ್ ನಂಬರ್, ಎಕ್ಸ್‌ಪೈರಿ ಇಲ್ಲಂದ್ರ ಅಂಗಡಿಯಲ್ಲೇ ಬಿಟ್ಟು ಬರ್ರಿ. ಆನ್‌ಲೈನ್ ನೀಲಿ ಕಲ್ಲಂಗಡಿ ಬೀಜ ಮಾರ್ತಾರಲ್ಲ, ಅಂಥ ಹಣ್ಣೇ ಇಲ್ಲ, ನಾನೂ ಒಮ್ಮೆ ರೊಕ್ಕ ಕಳಕೊಂಡೀನಿ, ಸೌತೀಕಾಯಿ ಬಂತು.

ರಾತ್ರಿ ಉಗುರುಬೆಚ್ಚಗಿನ ನೀರಿನಾಗ ನೆನೆಹಾಕಿ, ಮುಂಜಾನೆ ಒದ್ದಿ ಬಟ್ಟಿಯಾಗ ಕಟ್ಟಿ ಅಡಗಿಮನಿಯಾಗ ಬೆಚ್ಚಗಿಡ್ರಿ. ಮೂರನೇ ದಿನಕ್ಕ ಬಿಳಿ ಮೂತಿ ಕಂಡ್ರ ಒಂದಿಂಚು ಆಳ ಊರಿದ್ರಾತು. ನೇರ ಇರೋ ಜಾಗಕ್ಕೇ ಹಾಕ್ರಿ, ಕಿತ್ತು ನೆಡೋದು ಇದರ ಬೇರಿಗೆ ಸೇರೂದಿಲ್ಲ.

ಮಣ್ಣು ನೀರು ಹಿಡದು ನಿಲ್ಲಬಾರದು. ಇಲ್ಲಿಯ ಕರೀ ಎರಿ ಮಣ್ಣು ಒಂದೇ ಹಾಕಿದ್ರ ಬೇರು ಉಸಿರುಗಟ್ಟಿ ಸಾಯ್ತದ, ಕೆಂಪು ಮಣ್ಣು, ಉಸುಕು, ಹಳೇ ಸಗಣಿಗೊಬ್ಬರ ಕೂಡಸ್ರಿ. ಗ್ರೋ ಬ್ಯಾಗ್, ಅಂದ್ರ ಗಿಡ ಬೆಳಸೋ ಚೀಲ, 18 ಇಂಚಿಂದು, ಒಂದಕ್ಕ ಒಂದೇ ಬಳ್ಳಿ, ಎರಡು ಇಟ್ರ ಎರಡೂ ಕೆಟ್ಟು. ನೆಲದಾಗ ಆದ್ರ ಸಾಲಿಂದ ಸಾಲಿಗೆ ಎರಡು ಮೀಟರ್ ಬಿಡ್ರಿ. ಬಿಸಲು ದಿನಕ್ಕ ಎಂಟು ತಾಸು ಬೇಕೇ ಬೇಕು, ಅರ್ಧ ನೆರಳಿನ ಬಾಲ್ಕನಿ ಇದ್ದವರು ಪುದೀನಾ ಬೆಳಸ್ರಿ. ಯೂರಿಯಾ ಹಾಕಬ್ಯಾಡ್ರಿ, ಬಳ್ಳಿ ಮಾತ್ರ ಕೊಬ್ಬತದ. "ಗ್ರೋತ್ ಬೂಸ್ಟರ್" ಬಾಟ್ಲಿ ಬಗ್ಗೆ ನಾ ಏನೂ ಹೇಳೂದಿಲ್ಲ, ನಿಮ್ಮ ರೊಕ್ಕ.

ಇನ್ನ ಟೆರೇಸಿನ ಮಂದಿ ಎಡವೋ ಜಾಗ, ಹೂವು. ಮಾರ್ಚ್ ನಡುವ ಹೂ ಶುರು ಆಗ್ತಾವ, ಮೊದಲ ವಾರ ಹತ್ತು ದಿನ ಎಲ್ಲಾ ಗಂಡು, ಅವು ಉದರಿದ್ವು ಅಂತ ಅಳಬ್ಯಾಡ್ರಿ. ಹೆಣ್ಣು ಹೂವಿನ ಬುಡದಾಗ ಅವರಿಕಾಳಿನಷ್ಟು ಕೂದಲಿರೋ ಪುಟ್ಟ ಕಲ್ಲಂಗಡಿ ಇರ್ತದ. ಏಳನೇ ಮಹಡಿಗೆ ಜೇನು ಬರೋದು ಕಮ್ಮಿ, ಆ ಕೆಲಸ ನಿಮ್ಮದು. ಮುಂಜಾನೆ ಆರರಿಂದ ಒಂಬತ್ತರೊಳಗ, ಚಹಾ ಕುಡಿಯೋಕಿಂತ ಮೊದ್ಲ ಹೋಗ್ರಿ, ಯಾಕಂದ್ರ ಹೂವು ಅರಳಿರೋದು ಆ ಒಂದು ದಿನ, ಮಧ್ಯಾಹ್ನಕ್ಕ ಮುಚ್ಚತದ. ಅವತ್ತೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕ ಮಡಚಿ, ನಡುವಿನ ಹಳದಿ ಪುಡಿ ಬೆರಳಿಗೆ ಹತ್ತತದೋ ಇಲ್ಲೋ ನೋಡಿ, ಹೆಣ್ಣು ಹೂವಿನ ನಡುವ ಮೂರು ಭಾಗ ಇರ್ತದಲ್ಲ, ಮೂರಕ್ಕೂ ಹಗೂರಕ ತಿಕ್ಕಬೇಕು. ಒಂದೇ ಕಡೆ ತಿಕ್ಕಿದ್ರ ಕಾಯಿ ಸೊಟ್ಟ ಬರ್ತದ. ಒಂದು ಹೆಣ್ಣಿಗೆ ಎರಡು ಗಂಡು ಬಳಸ್ರಿ, ಕಂಜೂಸಿ ಬ್ಯಾಡ. ಬ್ರಶ್ ನನಗ ಸೇರೂದಿಲ್ಲ, ಅರ್ಧ ಪುಡಿ ಬ್ರಶ್ಶಿನಾಗೇ ಉಳೀತದ. ಕೂಡಿದ್ರ ಮೂರ್ನಾಲ್ಕು ದಿನಕ್ಕ ಕಾಯಿ ದಪ್ಪ ಆಗ್ತದ, ಇಲ್ಲಂದ್ರ ಹಳದಿ ಆಗಿ ಉದರತದ. ತಾರೀಖು ಬರದು ದಾರ ಕಟ್ಟಿಡ್ರಿ. ಬ್ಯಾಗಿನ ಬಳ್ಳಿಗೆ ಎರಡೇ ಕಾಯಿ, ಉಳದದ್ದು ಕಿತ್ತು ಪಲ್ಯ ಮಾಡ್ರಿ.

ನೀರು ಬುಡಕ್ಕ, ಮುಂಜಾನೆ, ದಿನಾ ಒಂದೇ ಅಳತಿ. ಎರಡು ದಿನ ಊರಿಗೆ ಹೋಗಿ ಬಂದು ಬಕೀಟ್ ಸುರದ್ರ ಕಾಯಿ ಸೀಳತದ. ಕಡೀ ವಾರ ನೀರು ಕಮ್ಮಿ ಮಾಡ್ರಿ, ಸಿಹಿ ಬರ್ತದ.

ಕೀಳೋದು ದಾರ ಕಟ್ಟಿ ಸುಮಾರು 35 ದಿನಕ್ಕ. ತಟ್ಟಿ ಕೇಳೋ ವಿದ್ಯೆ ನನಗ ಇನ್ನೂ ಬಂದಿಲ್ಲ. ಕಾಯಿ ತೊಟ್ಟಿನ ಪಕ್ಕದ ಸುರುಳಿ ಬಳ್ಳಿ ಪೂರ್ತಿ ಒಣಗಿರಬೇಕು, ನೆಲಕ್ಕ ತಾಗಿದ ಬಿಳಿ ಮಚ್ಚಿ ಬೆಣ್ಣಿ ಹಳದಿಗೆ ತಿರುಗಿರಬೇಕು. ಎರಡೂ ಆಗೋ ತನಕ ಕೈ ಹಚ್ಚಬ್ಯಾಡ್ರಿ, ಇದು ಮಾವು ಅಲ್ಲ, ಕಿತ್ತಮ್ಯಾಲೆ ಹುಲ್ಲಿನಾಗ ಇಟ್ರೂ ಹಣ್ಣಾಗೂದಿಲ್ಲ.