ಮಿಡಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಕೋರ್ಸ್ ಜಿಪಿಎಗೆ ಸೇರುತ್ತದೆಯೇ? ತಿಳಿದುಕೊಳ್ಳುವ ಬಗೆ

ಕರ್ನಾಟಕದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ತಂದೆತಾಯಿಯರಿಗೆ ಎಂಟನೆಯ ತರಗತಿಯ ಅಂಕಗಳು ಮುಂದೊಂದು ದಿನ ಲೆಕ್ಕಕ್ಕೆ ಬಂದಾವು ಎಂಬ ಯೋಚನೆಯೇ ಹೊಳೆಯುವುದಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇರೆ, ಪಿಯುಸಿ ಅಂಕಪಟ್ಟಿ ಬೇರೆ. ಎಂಟನೆಯ ತರಗತಿಯ ಅಂಕಗಳ ಕಥೆ ಒಂಬತ್ತಕ್ಕೆ ತೇರ್ಗಡೆಯಾದ ದಿನವೇ ಮುಗಿಯಿತು. ಅಮೆರಿಕದಲ್ಲಿ ಆರರಿಂದ ಎಂಟರವರೆಗಿನ ಮಿಡಲ್ ಸ್ಕೂಲಿನಲ್ಲೇ ಮಗು ಆಲ್ಜೀಬ್ರಾ ಒನ್, ಜಿಯೋಮೆಟ್ರಿ ಅಥವಾ ಸ್ಪ್ಯಾನಿಷ್ ಒನ್‌ನಂಥ ಹೈಸ್ಕೂಲ್ ಮಟ್ಟದ ಕೋರ್ಸ್ ತೆಗೆದುಕೊಂಡರೆ, ಅದರ ಗ್ರೇಡು ಹನ್ನೆರಡನೆಯ ತರಗತಿಯವರೆಗೂ ಜೊತೆಗೆ ಬರಬಹುದು, ಬಾರದೆಯೂ ಇರಬಹುದು.

ನನ್ನ ಮಗಳು ಒಂಬತ್ತನೆಯ ತರಗತಿಯ ಮೊದಲ ಸೆಮಿಸ್ಟರ್ ಮುಗಿಸಿದಾಗ ಕೈಗೆ ಬಂದ, ಹೈಸ್ಕೂಲಿನ ಒಟ್ಟು ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿನ ಮೊದಲ ಸಾಲೇ ಎಂಟನೆಯ ತರಗತಿಯ ಸ್ಪ್ಯಾನಿಷ್. ಅದರ ಎದುರಿಗೆ ಒಂದು ಬಿ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ ಎಂದು ಆ ದಿನ ಮನೆಯಲ್ಲಿ ಕೂಗಾಡಿದ್ದಾಯಿತು. ಆಮೇಲೆ ಹುಡುಕಿ ನೋಡಿದರೆ, ಕೋರ್ಸ್ ಆಯ್ಕೆಯ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಬರೆದೇ ಇತ್ತು, ನಾವು ಓದದೆ ಸಹಿ ಹಾಕಿದ್ದೆವು.

ಇಲ್ಲಿ ಮೂರು ಪ್ರಶ್ನೆಗಳಿವೆ. ಅವನ್ನು ಒಂದೇ ಎಂದುಕೊಳ್ಳುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ. ಆ ಕೋರ್ಸಿಗೆ ಹೈಸ್ಕೂಲ್ ಕ್ರೆಡಿಟ್, ಅಂದರೆ ಹೈಸ್ಕೂಲ್ ಮುಗಿಸಲು ಲೆಕ್ಕಕ್ಕೆ ಬರುವ ಮಾನ್ಯತೆ, ಸಿಗುತ್ತದೆಯೇ ಎಂಬುದು ಮೊದಲನೆಯದು. ಅದರ ಹೆಸರೂ ಗ್ರೇಡೂ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಾಣಿಸುತ್ತವೆಯೇ ಎಂಬುದು ಎರಡನೆಯದು. ಆ ಗ್ರೇಡನ್ನು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಕೂಡಿಸುತ್ತಾರೆಯೇ ಎಂಬುದು ಮೂರನೆಯದು. ಒಂದಕ್ಕೆ ಹೌದು ಎಂಬ ಉತ್ತರ ಬಂದ ಮಾತ್ರಕ್ಕೆ ಉಳಿದೆರಡಕ್ಕೂ ಅದೇ ಉತ್ತರ ಎಂದು ಭಾವಿಸಬಾರದು. ಕ್ಯಾಲಿಫೋರ್ನಿಯಾದಲ್ಲಿ ಎಂಟನೆಯ ತರಗತಿಯಲ್ಲೇ ಆಲ್ಜೀಬ್ರಾ ಒನ್ ಮುಗಿಸಿದ ವಿದ್ಯಾರ್ಥಿಯೂ ಒಂಬತ್ತರಿಂದ ಹನ್ನೆರಡರ ನಡುವೆ ಎರಡು ಗಣಿತ ಕೋರ್ಸುಗಳನ್ನು ಓದಲೇಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ. ಅಂದರೆ ಬೇಗ ಮುಗಿಸಿದವರಿಗೆ ಮುಂದಿನ ಹಂತದ ಗಣಿತ ಬೇಗ ಸಿಗುತ್ತದೆಯೇ ಹೊರತು ಗಣಿತದಿಂದ ವಿನಾಯಿತಿ ಸಿಗುವುದಿಲ್ಲ.

ಮೂರನೆಯ ಪ್ರಶ್ನೆಗೆ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲ. ಕೇರಿ, ಮೋರಿಸ್‌ವಿಲ್ ಊರುಗಳ ಕಡೆಯ ಕನ್ನಡಿಗರು ಇರುವ ನಾರ್ತ್ ಕೆರೊಲಿನಾದಲ್ಲಿ ಮಿಡಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಕೋರ್ಸು ಹೈಸ್ಕೂಲ್ ಮುಗಿಸುವ ಅಗತ್ಯಕ್ಕೆ ಸಲ್ಲುತ್ತದೆ, ಆದರೆ ಜಿಪಿಎ ಲೆಕ್ಕ ಹೈಸ್ಕೂಲಿನ ವರ್ಷಗಳಲ್ಲಿ ಓದಿದ ಕೋರ್ಸುಗಳಿಂದಲೇ ನಡೆಯುತ್ತದೆ. ವರ್ಜೀನಿಯಾದ ನಿಯಮ ಪಾಲಕರ ಕೈಗೆ ಒಂದು ಆಯ್ಕೆ ಕೊಟ್ಟಿದೆ: ಅಂಥ ಕೋರ್ಸಿನ ಗ್ರೇಡನ್ನು ಟ್ರಾನ್ಸ್‌ಕ್ರಿಪ್ಟಿನಿಂದ ಬಿಡಬೇಕೆಂದು ಅವರು ಕೇಳಬಹುದು, ಹಾಗೆ ಕೇಳಿದರೆ ಕ್ರೆಡಿಟ್ಟೂ ಹೋಗುತ್ತದೆ. ಈ ಕೋರಿಕೆಗೆ ಕೊನೆಯ ದಿನಾಂಕವಿರುತ್ತದೆ, ಅದನ್ನು ಶಾಲೆ ಪಾಲಕರಿಗೆ ತಿಳಿಸಬೇಕು. ತಿಳಿಸುವ ಕಾಗದ ಬಂದಾಗ ಓದುವುದು ನಮ್ಮ ಹೊಣೆ. ಫ್ಲಾರಿಡಾದಲ್ಲಿ ಹೈಸ್ಕೂಲಿನವರಿಗೆ ಕಡ್ಡಾಯ ಕೋರ್ಸುಗಳಲ್ಲಿ ಡಿ ಮತ್ತು ಎಫ್ ಗ್ರೇಡುಗಳನ್ನು ಮಾತ್ರ ಮತ್ತೆ ಓದಿ ಬದಲಾಯಿಸಿಕೊಳ್ಳುವ ಅವಕಾಶವಿದೆ. ಮಿಡಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಕೋರ್ಸಿನಲ್ಲಾದರೆ ಸಿ ಗ್ರೇಡನ್ನು ಸಹ ಹಾಗೆ ಬದಲಾಯಿಸಿಕೊಳ್ಳಬಹುದು. ಟೆಕ್ಸಾಸಿನಲ್ಲಿ ಗ್ರೇಡನ್ನು ಜಿಪಿಎಗೂ ರ‍್ಯಾಂಕಿಗೂ ಸೇರಿಸುವ ನಿಯಮ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನದು, ಆದ್ದರಿಂದ ಪಕ್ಕದ ಊರಿನ ಸ್ನೇಹಿತರು ಹೇಳಿದ್ದು ನಿಮ್ಮ ಮಗುವಿಗೆ ಅನ್ವಯಿಸದೆ ಇರಬಹುದು.

ಗ್ರೇಡು ಕೂಡುತ್ತದೆ ಎಂದಾದರೆ ಎಷ್ಟು ಹೊಡೆತ ಬೀಳುತ್ತದೆ ಎಂಬುದನ್ನು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಭಯಕ್ಕಿಂತ ಲೆಕ್ಕ ಸಣ್ಣದಾಗಿರುತ್ತದೆ. ಎ ಗೆ 4, ಬಿ ಗೆ 3, ಸಿ ಗೆ 2 ಎಂದಿಟ್ಟುಕೊಳ್ಳೋಣ. ಎಂಟನೆಯ ತರಗತಿಯಲ್ಲಿ ಆಲ್ಜೀಬ್ರಾದಲ್ಲಿ ಸಿ, ಸ್ಪ್ಯಾನಿಷ್‌ನಲ್ಲಿ ಬಿ ಬಂದಿದೆ. ಹೈಸ್ಕೂಲಿನಲ್ಲಿ ವರ್ಷಕ್ಕೆ ಏಳು ಕೋರ್ಸುಗಳಂತೆ ಎಲ್ಲದರಲ್ಲೂ ಎ ಬರುತ್ತದೆ. ಒಂಬತ್ತರ ಕೊನೆಗೆ ಒಂಬತ್ತು ಕೋರ್ಸುಗಳಿಂದ 33 ಅಂಕ, ಜಿಪಿಎ 3.67. ಕಾಲೇಜಿಗೆ ಅರ್ಜಿ ಹಾಕುವ ಹೊತ್ತಿಗೆ, ಅಂದರೆ ಹನ್ನೊಂದು ಮುಗಿದಾಗ, 23 ಕೋರ್ಸುಗಳಿಂದ 89 ಅಂಕ, ಜಿಪಿಎ 3.87. ಹನ್ನೆರಡರ ಕೊನೆಗೆ 30 ಕೋರ್ಸುಗಳಿಂದ 117, ಜಿಪಿಎ 3.90. ಪೆಟ್ಟು ಮೊದಲ ವರ್ಷ ದೊಡ್ಡದಾಗಿ ಕಂಡು ಬರಬರುತ್ತ ಕರಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಎಲ್ಲದರಲ್ಲೂ ಎ ಬಂದವರಿಗೆ ಚಿಂತೆಯಿಲ್ಲ ಎಂದುಕೊಳ್ಳುವವರು ಕಠಿಣ ಕೋರ್ಸಿಗೆ ಹೆಚ್ಚು ಅಂಕ ಕೊಡುವ ವೆಯ್ಟೆಡ್ ಜಿಪಿಎಯ ವಿಚಿತ್ರವೊಂದನ್ನು ಗಮನಿಸಬೇಕು. ಕಾಲೇಜು ಮಟ್ಟದ ಎಪಿ ಕೋರ್ಸಿನ ಎ ಗೆ 5, ಸಾಮಾನ್ಯ ಕೋರ್ಸಿನ ಎ ಗೆ 4 ಕೊಡುವ ಶಾಲೆಯಲ್ಲಿ ಹತ್ತು ಎಪಿ, ಹತ್ತು ಸಾಮಾನ್ಯ ಕೋರ್ಸುಗಳಲ್ಲಿ ಎ ಬಂದರೆ 20 ಕೋರ್ಸುಗಳಿಗೆ 90 ಅಂಕ, ಜಿಪಿಎ 4.50. ಇದಕ್ಕೆ ಮಿಡಲ್ ಸ್ಕೂಲಿನ ಎರಡು ಸಾಮಾನ್ಯ ಕೋರ್ಸುಗಳ ಎ ಸೇರಿದರೆ 22 ಕೋರ್ಸುಗಳಿಗೆ 98, ಜಿಪಿಎ 4.45. ಒಂದು ತಪ್ಪೂ ಮಾಡದ ಮಗುವಿನ ಜಿಪಿಎಯೂ ಇಳಿಯಿತು. ಕೌನ್ಸೆಲರ್ ಜೊತೆ ಮಾತಾಡುವಾಗ ಮಿಡಲ್ ಸ್ಕೂಲಿನ ಆ ಕೋರ್ಸಿಗೆ ಆನರ್ಸ್ ತೂಕ, ಅಂದರೆ ಹೆಚ್ಚುವರಿ ಅಂಕ, ಇದೆಯೇ, ಇಲ್ಲವೇ ಎಂದು ಕೇಳಬೇಕಾದದ್ದು ಇದಕ್ಕೇ.

ಈ ನೂರನೆಯ ಒಂದಂಶಗಳ ಲೆಕ್ಕ ಎಲ್ಲರಿಗೂ ಬೇಕಿಲ್ಲ. ತರಗತಿಯ ರ‍್ಯಾಂಕಿನ ಮೇಲೆ ಪ್ರವೇಶ ನಿಂತಿರುವ ಕಡೆ ಮಾತ್ರ ಅದು ನಿಜವಾಗಿ ಕುತ್ತಿಗೆಗೆ ಬರುತ್ತದೆ. ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತರಗತಿಯ ಮೊದಲ 10 ಶೇಕಡಾ ವಿದ್ಯಾರ್ಥಿಗಳಿಗೆ ತಾನಾಗಿಯೇ ಪ್ರವೇಶ ಕೊಡುವ ಕಾನೂನು 1997ರಿಂದ ಇದೆ. ಆಸ್ಟಿನ್ನಿನ ವಿಶ್ವವಿದ್ಯಾಲಯದ ಮಿತಿ ಮಾತ್ರ ಇದಕ್ಕಿಂತ ಕಡಿಮೆ, 2026ರ ಫಾಲ್ ಪ್ರವೇಶದಿಂದ ಅದು ತನ್ನ ಮಿತಿಯನ್ನು 6ರಿಂದ 5 ಶೇಕಡಾಕ್ಕೆ ಇಳಿಸಿದೆ. ಅಂಚಿನಲ್ಲಿ ನಿಂತ ವಿದ್ಯಾರ್ಥಿಗೆ ಅಲ್ಲಿ 4.50ಕ್ಕೂ 4.45ಕ್ಕೂ ಅಂತರವಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದಾರಿಯೇ ಬೇರೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಮೊದಲಾದ ಅದರ ಶಾಖೆಗಳು ಶಾಲೆ ಕೊಟ್ಟ ಜಿಪಿಎಯನ್ನು ಹಾಗೇ ತೆಗೆದುಕೊಳ್ಳದೆ, ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗೆ ಓದಿದ, ತಾವು ಗೊತ್ತುಪಡಿಸಿದ ವಿಷಯಗಳ ಗ್ರೇಡುಗಳಿಂದ ತಾವೇ ಲೆಕ್ಕ ಹಾಕುತ್ತವೆ. ಏಳು, ಎಂಟರಲ್ಲಿ ಓದಿದ ಗಣಿತ ಅಥವಾ ಭಾಷಾ ಕೋರ್ಸಿನಲ್ಲಿ ಸಿ ಅಥವಾ ಮೇಲಿನ ಗ್ರೇಡು ಇದ್ದರೆ ಅದು ವಿಷಯದ ಅಗತ್ಯಕ್ಕೆ ಸಲ್ಲುತ್ತದೆ, ಜಿಪಿಎಗೆ ಸೇರುವುದಿಲ್ಲ. ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಣ್ಣಿಗೆ ಚುಚ್ಚುವ ಬಿ ಗ್ರೇಡು ಅಲ್ಲಿ ಲೆಕ್ಕದ ಹೊರಗೇ ಉಳಿಯುತ್ತದೆ.

ನಿಮ್ಮ ಡಿಸ್ಟ್ರಿಕ್ಟಿನ ಉತ್ತರ ತಿಳಿಯಲು ಹೈಸ್ಕೂಲಿನ ಕೋರ್ಸ್ ಕೆಟಲಾಗನ್ನೇ ತೆರೆಯಿರಿ, ಮಿಡಲ್ ಸ್ಕೂಲಿನದ್ದನ್ನಲ್ಲ. ಜಿಪಿಎ ಲೆಕ್ಕದ ವಿವರಣೆ ಸಾಮಾನ್ಯವಾಗಿ ಅದರ ಮೊದಲ ಕೆಲವು ಪುಟಗಳಲ್ಲಿರುತ್ತದೆ. ಬಳಿಕ ಮಗು ಸೇರಲಿರುವ ಹೈಸ್ಕೂಲಿನ ಕೌನ್ಸೆಲರ್‌ಗೆ ಇಮೇಲಿನಲ್ಲೇ ಬರೆಯಿರಿ, ಫೋನಿನಲ್ಲಿ ಕೇಳಿ ಬಿಡಬೇಡಿ. ಎರಡು ವರ್ಷದ ನಂತರ ಬೇಕಾಗುವುದು ಬರಹದ ಉತ್ತರ. ಮೇಲಿನ ಮೂರು ಪ್ರಶ್ನೆಗಳ ಜೊತೆಗೆ ಕೋರ್ಸನ್ನು ಯಾವ ದಿನಾಂಕದವರೆಗೆ ಬಿಡಬಹುದು, ಮತ್ತೆ ಓದಿದರೆ ಹಳೆಯ ಗ್ರೇಡು ಅಳಿಯುತ್ತದೆಯೇ ಅಥವಾ ಎರಡೂ ಕಾಣುತ್ತವೆಯೇ ಎಂಬುದನ್ನೂ ಕೇಳಿ.

ಗಣಿತದಲ್ಲಿ ಸಿ ಬಂದರೆ ಮತ್ತೆ ಓದಿಸುವುದೇ ಲೇಸೆಂದು ನನ್ನ ಅಭಿಪ್ರಾಯ, ಅದೂ ಜಿಪಿಎಗಾಗಿ ಅಲ್ಲ: ಆಲ್ಜೀಬ್ರಾದ ಸಡಿಲ ತಳಪಾಯ ಹನ್ನೊಂದರ ಪ್ರೀಕ್ಯಾಲ್ಕುಲಸ್ಸಿನಲ್ಲಿ ಕುಸಿಯುತ್ತದೆ, ಆಗ ಆ ಗ್ರೇಡು ಎಲ್ಲ ಕಡೆಯೂ ಲೆಕ್ಕಕ್ಕೆ ಬರುತ್ತದೆ. ಭಾಷೆಯಲ್ಲಿ ಬಂದ ಬಿ ಗಾಗಿ ಮಗುವಿನ ಒಂದು ವರ್ಷವನ್ನು ಮತ್ತೆ ಅದಕ್ಕೇ ಸುರಿಯುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕೆಲಸ ಬದಲಾಗಿ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋಗುವ ಕುಟುಂಬಗಳು ಎಂಟನೆಯ ತರಗತಿಯ ಅಂತಿಮ ರಿಪೋರ್ಟ್ ಕಾರ್ಡ್, ಕೋರ್ಸಿನ ಪಠ್ಯಕ್ರಮದ ಹಾಳೆ ಮತ್ತು ಅದು ಹೈಸ್ಕೂಲ್ ಮಟ್ಟದ್ದೆಂದು ಹಳೆಯ ಶಾಲೆ ಬರೆದುಕೊಟ್ಟ ಪತ್ರ ಇವನ್ನು ಊರು ಬಿಡುವ ಮೊದಲೇ ಕೈಗೆ ತೆಗೆದುಕೊಂಡಿರಬೇಕು. ಬೇಸಿಗೆ ರಜೆಯಲ್ಲಿ ಶಾಲೆಯ ಆಫೀಸು ಮುಚ್ಚಿರಬಹುದು. ಹೊಸ ಶಾಲೆಯವರು ಆಗಸ್ಟಿನಲ್ಲಿ ಮಗುವನ್ನು ಯಾವ ಗಣಿತಕ್ಕೆ ಕೂರಿಸಬೇಕೆಂದು ಕೇಳುವಾಗ ತೋರಿಸಲು ಈ ಮೂರು ಕಾಗದಗಳಲ್ಲದೆ ಬೇರೇನೂ ಇರುವುದಿಲ್ಲ.